ವಾಸಿಯಾಗದ ಗಂಟಲು ಬೇನೆ: ಕಾರಣವೇನು, ಉಪಾಯವೇನು?



ಗಳಿತ ಹಂಗಾಮು ಆರಂಭವಾಯಿತೆಂದರೆ ಮನೆಯಲ್ಲಿ ಒಬ್ಬರಾದರೂ ಗಂಟಲು ಹಿಡಿದುಕೊಂಡು ಕುಳಿತಿರುತ್ತಾರೆ. ಬೆಳಗಿನ ಥಂಡಿ, ಟ್ರ್ಯಾಕ್ಟರಿನ ಧೂಳು, ರವದಿ ಸುಟ್ಟ ಹೊಗೆ ಇವುಗಳ ಮೇಲೆ ತಪ್ಪು ಹೊರಿಸಿ ಸುಮ್ಮನಾಗುವುದು ರೂಢಿ. ಆದರೆ ಕಬ್ಬು ಒಣಗಿದರೆ ಅದು ನೀರಿನ ಕೊರತೆಯೋ, ಕೆಂಪುಕೊಳೆ ರೋಗವೋ ಎಂದು ಜಲ್ಲೆ ಸೀಳಿ ನೋಡುತ್ತೀರಲ್ಲವೇ? ಗಂಟಲಿಗೂ ಹಾಗೆಯೇ ಕಾರಣ ಹುಡುಕಬೇಕು.

ಬಹುಪಾಲು ಗಂಟಲು ಬೇನೆ ನೆಗಡಿಯ ಜೊತೆ ಬರುವ ವೈರಸ್ಸಿನದು. ಮೂಗು ಸೋರುತ್ತದೆ, ಕೆಮ್ಮು ಬರುತ್ತದೆ, ಸುಮಾರು ಒಂದು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ. ಒಂದು ಗ್ಲಾಸು ಉಗುರು ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ಮೂರು ನಾಲ್ಕು ಸಲ ಮುಕ್ಕಳಿಸಿರಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಅಂಗಡಿಯಿಂದ ಕೇಳಿ ತಂದ ಕ್ಯಾಪ್ಸೂಲಿನಿಂದ ಇದಕ್ಕೆ ಏನೂ ಉಪಯೋಗವಿಲ್ಲ. ಜೇನು ಹಿತಕರ, ಆದರೆ ವರ್ಷ ತುಂಬದ ಕೂಸಿಗೆ ಕೊಡಬಾರದು.

ಎರಡನೆಯದು ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಜೀವಿಯಿಂದ ಬರುವಂಥದು. 5ರಿಂದ 15 ವರ್ಷದ ಮಕ್ಕಳಲ್ಲಿ ಹೆಚ್ಚು. ಒಮ್ಮೆಲೇ ಜ್ವರ, ನುಂಗಲಾರದ ನೋವು, ಟಾನ್ಸಿಲ್ ಮೇಲೆ ಬಿಳಿ ಕಲೆ, ದವಡೆಯ ಕೆಳಗೆ ಮುಟ್ಟಿದರೆ ನೋಯುವ ಗಂಟು. ಸಾಮಾನ್ಯವಾಗಿ ಕೆಮ್ಮು ಇರುವುದಿಲ್ಲ. ಇದನ್ನು ಹಗುರಾಗಿ ತಿಳಿಯಬೇಡಿ. ಗಂಟಲು ವಾಸಿಯಾಗಿ ಎರಡು ಮೂರು ವಾರಕ್ಕೆ ಕೀಲುಗಳು ಬಾತು ನೋಯತೊಡಗಿದರೆ ಅದು ರುಮ್ಯಾಟಿಕ್ ಜ್ವರವಿರಬಹುದು. ಕೀಲು ನೋವು ಹೋಗುತ್ತದೆ, ಹೃದಯದ ಕವಾಟಕ್ಕಾದ ಪೆಟ್ಟು ಮಾತ್ರ ಜೀವಮಾನವಿಡೀ ಉಳಿಯಬಹುದು. ಮುಂದೆ ಅದೇ ಹುಡುಗಿ ಬಸುರಿಯಾದಾಗ ಏದುಸಿರು ಬಿಟ್ಟು ದವಾಖಾನೆ ಸೇರುವ ಪ್ರಸಂಗ ಬರುತ್ತದೆ.

ತಡೆಯುವ ಔಷಧ ಹಳೆಯದು, ಅಗ್ಗದ್ದು: ಪೆನ್ಸಿಲಿನ್ ಅಥವಾ ಅಮಾಕ್ಸಿಸಿಲಿನ್, ವೈದ್ಯರು ಹೇಳಿದಂತೆ, ಪೂರ್ತಿ 10 ದಿನ. ಬೇನೆ ಶುರುವಾಗಿ 9 ದಿನದೊಳಗೆ ಆರಂಭಿಸಿದರೂ ರುಮ್ಯಾಟಿಕ್ ಜ್ವರ ತಪ್ಪುತ್ತದೆ. ತೊಂದರೆ ಎಲ್ಲಿ ಎಂದರೆ, ಎರಡನೆಯ ದಿನ ಜ್ವರ ಬಿಟ್ಟೊಡನೆ ಉಳಿದ ಗುಳಿಗೆ ಮಾಡಿನ ಸಂದಿಗೆ ಹೋಗುತ್ತವೆ. ಕಬ್ಬು ಕಡಿಯುವ ಟೋಳಿಯವರ ಮಕ್ಕಳ ಪಾಡು ಇನ್ನೂ ಕಷ್ಟ; ಔಷಧ ಮುಗಿಯುವುದರೊಳಗೆ ಗುಡಿಸಲೇ ಮುಂದಿನ ಊರಿಗೆ ಹೋಗಿರುತ್ತದೆ. ನಿಮ್ಮ ಹೊಲಕ್ಕೆ ಬಂದ ಟೋಳಿಯಲ್ಲಿ ಇಂಥ ಮಗು ಕಂಡರೆ ದಯವಿಟ್ಟು ಹತ್ತೂ ದಿನದ ಗುಳಿಗೆ ಕೊಡಿಸಿ, ಚೀಟಿಯನ್ನೂ ಕೈಯಲ್ಲಿಡಿ.

ಇನ್ನು ತಿಂಗಳಾದರೂ ಬಿಡದ ದೊಡ್ಡವರ ಗಂಟಲು. ರಾತ್ರಿ ತಡವಾಗಿ ಖಾರದ ಊಟ ಮಾಡಿ ಕೂಡಲೇ ಮಲಗುವವರಿಗೆ ಹೊಟ್ಟೆಯ ಹುಳಿ ಮೇಲೇರಿ ಗಂಟಲು ಕೆರೆಯುತ್ತದೆ. ಮಲಗುವ ಮೂರು ತಾಸು ಮೊದಲು ಉಣ್ಣಿರಿ. ಮೂಗು ಕಟ್ಟಿ ಬಾಯಿಂದ ಉಸಿರಾಡುವುದು, ಗುರ್ಹಾಳದ ಹೊಗೆ, ಬೀಡಿ ಇವೂ ಕಾರಣ. ಕೆಮ್ಮು ಎರಡು ವಾರ ದಾಟಿದ್ದರೆ ಸರಕಾರಿ ಕೇಂದ್ರದಲ್ಲಿ ಕಫ ತಪಾಸಣೆ ಪುಕ್ಕಟೆ ಆಗುತ್ತದೆ. ಕ್ಷಯ ಗಂಟಲಿಗೂ ಇಳಿಯುವುದುಂಟು.

ಮಹಾರಾಷ್ಟ್ರದಲ್ಲಿ 2012ರಲ್ಲಿಯೇ ಗುಟಖಾ ನಿಷೇಧವಾಗಿದೆ, ಕಿಸೆಗಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ! ತಂಬಾಕು ತಿನ್ನುವವರು, ಸೇದುವವರು ಇದನ್ನು ನೆನಪಿಡಬೇಕು: ಧ್ವನಿ ಒಡೆದು ಮೂರು ವಾರ ಕಳೆದಿದ್ದರೆ, ಒಂದೇ ಕಡೆ ನೋವಿದ್ದು ಅದೇ ಕಿವಿಗೆ ಹೊಡೆಯುತ್ತಿದ್ದರೆ, ಕುತ್ತಿಗೆಯಲ್ಲಿ ನೋವಿಲ್ಲದ ಗಂಟು ಬೆಳೆಯುತ್ತಿದ್ದರೆ, ಉಗುಳಿನಲ್ಲಿ ರಕ್ತ ಕಂಡರೆ, ಕಬ್ಬು ಸಾಗಲಿ, ಬಿಲ್ಲು ಬರಲಿ ಎಂದು ಕಾಯದೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿರಿ. ಕ್ಯಾನ್ಸರ್ ಆಗಿದ್ದರೂ ಮೊದಲ ಹಂತದಲ್ಲಿ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು.

ಅದೇ ದಿನ, ರಾತ್ರಿಯಾದರೂ ಸರಿ, ದವಾಖಾನೆಗೆ ಒಯ್ಯಬೇಕಾದವರು: ಉಸಿರಾಡಲು ಕಷ್ಟಪಡುವವರು, ಜೊಲ್ಲು ಸಹ ನುಂಗಲಾಗದವರು, ಬಾಯಿ ತೆರೆಯಲಾಗದವರು, ಗಂಟಲಲ್ಲಿ ಬೂದು ಬಣ್ಣದ ಪೊರೆ ಕಟ್ಟಿ ಕುತ್ತಿಗೆ ಬಾತ ಮಕ್ಕಳು. ಈ ಕೊನೆಯದು ಗಂಟಲಮಾರಿ. ಮಗುವಿಗೆ 6, 10, 14ನೆಯ ವಾರದ ಲಸಿಕೆ, ಆಮೇಲೆ ಒಂದೂವರೆ ವರ್ಷದ ಸುಮಾರಿಗೆ ಹಾಗೂ 5 ವರ್ಷ ತುಂಬಿದ ಮೇಲಿನದು, 10 ಮತ್ತು 16ನೆಯ ವರ್ಷದವು ಆಗಿವೆಯೇ ಎಂದು ಇವತ್ತೇ ಕಾರ್ಡು ತೆಗೆದು ನೋಡಿರಿ.