ಟೆಂಡರ್ ಅಂದ್ರೆ ಯಾವ ಟೆಂಡರ್?

ಕಳೆದ ಸೆಮಿಸ್ಟರ್‌ನಲ್ಲಿ ನಡೆದದ್ದು. ನಾನು ಸ್ನಾನಕ್ಕೆ ಹೋಗಿದ್ದಾಗ ಊರಿಂದ ಅಪ್ಪನ ಫೋನ್ ಬಂತು. ನಮ್ಮೂರು ತುರುವೇಕೆರೆ ತಾಲ್ಲೂಕು, ರೂಮ್‌ಮೇಟ್ ಪುತ್ತೂರಿನವನು. ಅವನೇ ಫೋನ್ ಎತ್ತಿದ. "ಇವತ್ತು ಟೆಂಡರ್ ಎಷ್ಟಾಗೈತೆ ಅಂತ ಮೊಬೈಲ್ನಾಗೆ ನೋಡಿ ಹೇಳೋಕೆ ಹೇಳಪ್ಪ ಅವ್ನಿಗೆ" ಅಂದರಂತೆ ಅಪ್ಪ. ಇವನು ತಕ್ಷಣ, "ಅದಕ್ಕೆ ಮೊಬೈಲ್ ಯಾಕೆ ಅಂಕಲ್, ಗೇಟಿನ ಹತ್ತಿರ ಐವತ್ತು ರೂಪಾಯಿ" ಅಂದ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಅಪ್ಪ ಕೇಳಿದ್ದು ತಿಪಟೂರು ಎಪಿಎಂಸಿಯಲ್ಲಿ ಕ್ವಿಂಟಲ್ ಕೊಬ್ಬರಿಗೆ ಬಿದ್ದ ಬೆಲೆ. ಇವನು ಹೇಳಿದ್ದು ಕಾಲೇಜ್ ಗೇಟಿನ ಎದುರು ಮಾರುವ ಬೊಂಡದ ಬೆಲೆ. (ಬೊಂಡ ಅಂದರೆ ಅವರ ಕಡೆ ಎಳನೀರು. ಮಲೆನಾಡಿನವರು ಸೀಯಾಳ ಅನ್ನುತ್ತಾರೆ. ಆ ಜಗಳ ಇನ್ನೊಂದು ಸಂಚಿಕೆಗೆ ಇರಲಿ.)

ನಕ್ಕು ಸುಮ್ಮನಾಗಬಹುದಿತ್ತು. ಆದರೆ ಯೋಚನೆ ಮಾಡಿದಷ್ಟೂ ರೂಮ್‌ಮೇಟ್‌ನದು ಪೂರ್ತಿ ತಪ್ಪಲ್ಲ ಅನ್ನಿಸಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೆಂಗಿನ ಕಾಯಿಗೆ ಇರುವುದು ಎರಡೇ ದಾರಿ. ಒಂದು ಟೆಂಡರ್ ಕೋಕೊನಟ್ ಆಗುವುದು, ಇನ್ನೊಂದು ಟೆಂಡರ್‌ಗೆ ಹೋಗುವುದು. ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ ಯಾಕೆ ಬಂತು ಎಂದು ಹುಡುಕುತ್ತಾ ಹೋದೆ. ಸಿಕ್ಕಿದ್ದು ಒಂದು ಪದವಲ್ಲ, ಒಂದೇ ಅಂಗಿ ತೊಟ್ಟ ಮೂರು ಪದಗಳು.

ಮೊದಲನೆಯದು ಮೆತ್ತಗಿನ ಟೆಂಡರ್. ಎಳೆಯದು, ಮೃದುವಾದದ್ದು ಎಂಬ ಅರ್ಥದ್ದು. ಇದರ ಮೂಲ ಲ್ಯಾಟಿನ್‌ನ 'ಟೆನೆರ್'. ಅದು ಹಳೆಯ ಫ್ರೆಂಚ್‌ನಲ್ಲಿ 'ತಾಂದ್ರ್' ಎಂಬ ಹಾಗೆ ಕೇಳುವ ಪದವಾಗಿ, ಅಲ್ಲಿಂದ ಇಂಗ್ಲಿಷಿಗೆ ಬಂತು. ಎಳನೀರು, ಎಳೆ ವಯಸ್ಸು, ಮೆತ್ತಗೆ ಬೆಂದ ಮಾಂಸ, ಮುಟ್ಟಿದರೆ ನೋಯುವ ಗಾಯ, ಮೃದು ಮನಸ್ಸು, ಎಲ್ಲಕ್ಕೂ ಇದೇ. ಫುಡ್ ಕೋರ್ಟ್‌ನ ಚಿಕನ್ ಟೆಂಡರ್ ಕೂಡ ಈ ಮನೆಯದೇ.

ಎರಡನೆಯದು ಚಾಚುವ ಟೆಂಡರ್. ಮೂಲ ಲ್ಯಾಟಿನ್‌ನ 'ಟೆಂಡೆರೆ', ಅಂದರೆ ಎಳೆ, ಚಾಚು, ಹಿಗ್ಗಿಸು. ಕೈ ಚಾಚಿ ಕೊಡುವುದು ಎಂಬಲ್ಲಿಂದ 'ನಾನು ಇಷ್ಟು ಕೊಡುತ್ತೇನೆ' ಎಂದು ಮುಂದಿಡುವುದು ಎಂಬ ಅರ್ಥ ಬೆಳೆಯಿತು. ನಮ್ಮಲ್ಲಿ ಇದಕ್ಕೆ ಸರಿಸಮ ಪದವಿದೆ: ಒಡ್ಡು. ಕೈಯನ್ನೂ ಒಡ್ಡುತ್ತೇವೆ, ಬೆಲೆಯನ್ನೂ ಒಡ್ಡುತ್ತೇವೆ. ರಾಜೀನಾಮೆ 'ಟೆಂಡರ್' ಮಾಡುವುದು ಇದೇ ಅರ್ಥದಲ್ಲಿ. 'ಲೀಗಲ್ ಟೆಂಡರ್' ಅಂದರೂ ಇದೇ. ನೀವು ಚಾಚಿದ ನೋಟನ್ನು ಸಾಲ ಕೊಟ್ಟವನು ಬೇಡ ಅನ್ನುವಂತಿಲ್ಲ ಎಂದು ಕಾನೂನು ಹೇಳುವ ಹಣ ಅದು. ನೋಟಿಗೆ ಆ ಅಧಿಕಾರ 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯಿಂದ ಬಂದಿದೆ, ನಾಣ್ಯಕ್ಕೆ 2011ರ ನಾಣ್ಯ ಕಾಯ್ದೆಯಿಂದ. ನಾಣ್ಯಕ್ಕೆ ಒಂದು ಮಿತಿಯೂ ಉಂಟು. ಒಂದು ರೂಪಾಯಿ ಮತ್ತು ಅದಕ್ಕಿಂತ ದೊಡ್ಡ ನಾಣ್ಯಗಳು ಒಂದು ಸಾವಿರ ರೂಪಾಯಿವರೆಗೆ ಮಾತ್ರ ಲೀಗಲ್ ಟೆಂಡರ್. ಹಾಗಾಗಿ ಸಿಟ್ಟಿನಲ್ಲಿ ಮೆಸ್ ಬಿಲ್ ಪೂರ್ತಿ ಚಿಲ್ಲರೆಯಲ್ಲಿ ಕಟ್ಟುತ್ತೇನೆ ಅನ್ನುವವರು ಮೊದಲು ಬಿಲ್ ಎಷ್ಟು ಅಂತ ನೋಡಿಕೊಳ್ಳಿ.

ಮೂರನೆಯದು ನೋಡಿಕೊಳ್ಳುವ ಟೆಂಡರ್. 'ಅಟೆಂಡ್' ಪದದ ತಲೆ ಹಾರಿಹೋಗಿ 'ಟೆಂಡ್' ಉಳಿಯಿತು, ಅದನ್ನು ಮಾಡುವವನು ಟೆಂಡರ್. ಬಾರ್‌ಟೆಂಡರ್ ಇದೇ. (ನಾವು 'ಸ್ಕೂಲ್' ಹಿಂದೆ ಇ ಸೇರಿಸಿ ಇಸ್ಕೂಲು ಮಾಡಿದೆವು. ಅವರು ಇದ್ದ ಅ ಕಿತ್ತು ಹಾಕಿದರು. ಲೆಕ್ಕ ಸಮ.) ದೊಡ್ಡ ಹಡಗಿಗೆ ಸಾಮಾನು ಮುಟ್ಟಿಸುವ ಸಣ್ಣ ದೋಣಿಗೂ ಟೆಂಡರ್ ಎಂದೇ ಹೆಸರು. ಅಲ್ಲಿಂದ ಪದ ರೈಲು ಹತ್ತಿತು. ಉಗಿಬಂಡಿಯ ಬೆನ್ನಿಗೆ ಕಲ್ಲಿದ್ದಲು ಮತ್ತು ನೀರು ಹೊತ್ತುಕೊಂಡು ಬರುವ ಬಂಡಿ ಅದು. 1829ರ ಸ್ಟೀಫನ್‌ಸನ್‌ನ 'ರಾಕೆಟ್' ಎಂಜಿನ್ನಿನ ಚಿತ್ರ ನೋಡಿ, ಹಿಂದೆ ನೀರಿನ ಪೀಪಾಯಿ ಇಟ್ಟ ಪುಟ್ಟ ಗಾಡಿ ಕಾಣುತ್ತದೆ, ಅದೇ ಟೆಂಡರ್. ಭಾರತದ ಮೀಟರ್‌ಗೇಜ್ ಹಳಿಗಳ ಮೇಲೆ ಓಡಿದ ವೈಪಿ, ವೈಜಿ ಎಂಜಿನ್ನುಗಳೆಲ್ಲ ಟೆಂಡರ್ ಕಟ್ಟಿಕೊಂಡವೇ. ಟೆಂಡರ್ ಇಲ್ಲದೆ ನೀರನ್ನು ತನ್ನ ಮೈಮೇಲೇ ಹೊತ್ತರೆ ಅದು ಟ್ಯಾಂಕ್ ಎಂಜಿನ್. ಮೆಕ್ಯಾನಿಕಲ್‌ನವರಿಗೆ ಇದು ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ನಾನು ಹೇಳಿದೆ ಅಂತ ಯಾರಿಗೂ ಹೇಳಬೇಡಿ.

'ಅಟೆಂಡ್' ಕೂಡ ಮೂಲದಲ್ಲಿ 'ಟೆಂಡೆರೆ'ಯೇ, ಅಂದರೆ ಮನಸ್ಸನ್ನು ಒಂದರ ಕಡೆಗೆ ಚಾಚುವುದು. ಹಾಗಾದರೆ ಎರಡನೆಯದೂ ಮೂರನೆಯದೂ ದಾಯಾದಿಗಳು. ಮೊದಲನೆಯದು? ಎಳೆಯದು ಎಂಬ 'ಟೆನೆರ್' ಕೂಡ ಬಹಳ ಹಿಂದೆ 'ತೆನ್' ಎಂಬ ಅದೇ ಬೇರಿನಿಂದ ಹುಟ್ಟಿರಬಹುದು ಎನ್ನುವ ವಿದ್ವಾಂಸರಿದ್ದಾರೆ. ಎಳೆದದ್ದು ತೆಳುವಾಗುತ್ತದೆ, ತೆಳುವಾದದ್ದು ಮೆತ್ತಗಿರುತ್ತದೆ ಎಂಬುದು ಅವರ ದಾರಿ. ಅದೇ ಬೇರಿನ ಸಂಸ್ಕೃತ ಕೊಂಬೆಯಲ್ಲಿ ತನು, ತಂತು ಇವೆ. ಇಂಗ್ಲಿಷ್ ಕೊಂಬೆಯಲ್ಲಿ ಟೆಂಟ್, ಟೆಂಡನ್, ಟೆನ್ಷನ್ ಮತ್ತು ನಮ್ಮ ಲ್ಯಾಬ್‌ನ ಟೆನ್ಸೈಲ್ ಟೆಸ್ಟ್ ಇವೆ. ವೈವಾ ಮುಂಚಿನ ಟೆನ್ಷನ್ನೂ ಯುಟಿಎಂ ಯಂತ್ರದೊಳಗಿನ ಟೆನ್ಷನ್ನೂ ಒಂದೇ ಅಂತ ಈಗ ಗೊತ್ತಾಯಿತಲ್ಲ. ಡೇಟಿಂಗ್ ಆ್ಯಪ್ 'ಟಿಂಡರ್' ಮಾತ್ರ ಈ ವಂಶದ್ದಲ್ಲ. ಅದು ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಒಣ ಪದಾರ್ಥಕ್ಕೆ ಹಳೆಯ ಇಂಗ್ಲಿಷಿನಲ್ಲಿದ್ದ ಹೆಸರು. ನಮ್ಮ ಕಡೆ ಒಲೆ ಹಚ್ಚಲು ಇಡುವ ತೆಂಗಿನ ನಾರಿನ ಹಾಗೆ.

ಇಷ್ಟು ಓದಿದ ಮೇಲೆ ಇಂಗ್ಲಿಷ್ ಭಾಷೆ ಎಷ್ಟು ಗೋಜಲು ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು, ಕನ್ನಡದ 'ಎಳೆ' ಪದ ಹೊಳೆಯುವ ತನಕ.

ಎಳೆ ಅಂದರೆ ಟೆಂಡರ್: ಎಳೆ ಕಾಯಿ, ಎಳೆ ಬಿಸಿಲು, ಎಳೆ ಕೂಸು. ಎಳೆ ಅಂದರೆ ಜಗ್ಗು: ಹಗ್ಗ ಎಳೆ, ಬಂಡಿ ಎಳೆ. ಎಳೆ ಅಂದರೆ ದಾರ: ನೂಲಿನ ಎಳೆ, ನಾರಿನ ಎಳೆ. ಲ್ಯಾಟಿನ್ ಮನೆಯಲ್ಲಿ ಹರಡಿಕೊಂಡಿರುವ ಮೆತ್ತಗಿನದು, ಎಳೆಯುವುದು, ತಂತು ಈ ಮೂರೂ ನಮ್ಮಲ್ಲಿ ಎರಡಕ್ಷರದ ಒಂದೇ ಪದದೊಳಗೆ ಕೂತಿವೆ! ಈ ಎರಡು ಭಾಷಾ ಕುಟುಂಬಗಳಿಗೆ ಸಂಬಂಧವಿಲ್ಲ. ಬರೀ ಕಾಕತಾಳೀಯ. ಆದರೂ ನಮ್ಮಲ್ಲಿ ಹೀಗೆ ಆದ ಬಗೆ ಫ್ರೆಂಚರಲ್ಲಿ ಆದ ಬಗೆಯ ಹಾಗೇ ಇದೆ.

ಹಳಗನ್ನಡದಲ್ಲಿ ಇವು ಒಂದೇ ಪದ ಆಗಿರಲಿಲ್ಲ. ಎಳೆಯದು ಎಂಬ 'ಎಳ'ದಲ್ಲಿ ನಾವು ಇಂದು ಬರೆಯುವ ಳ ಇತ್ತು. ಜಗ್ಗು ಎಂಬ ಎೞೆ, ದಾರ ಎಂಬ ಎೞೆಗಳಲ್ಲಿ ೞ ಎಂಬ ಬೇರೆ ಅಕ್ಷರ ಇತ್ತು, ನಾಲಗೆಯನ್ನು ಇನ್ನೂ ಹಿಂದಕ್ಕೆ ಮಡಚಿ ಹೇಳುವುದು. ಬಾಳೆ ಆಗ ಬಾೞೆ, ಕೋಳಿ ಆಗ ಕೋೞಿ. ಕಾಲಕ್ರಮದಲ್ಲಿ ಜನರ ಬಾಯಲ್ಲಿ ೞ ಕರಗಿ ಳ ಆಯಿತು. 13ನೇ ಶತಮಾನದಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ' ಬರೆಯುವಾಗ ಯಾವ ಪದಕ್ಕೆ ೞ ಬರಬೇಕು ಎಂದು ಪಟ್ಟಿ ಕೊಡಬೇಕಾಯಿತು. ಪಟ್ಟಿ ಕೊಡಬೇಕಾಯಿತು ಅಂದರೆ ಆಗಲೇ ಜನ ಮರೆತಿದ್ದರು ಅಂತಲೇ ಅರ್ಥ. ಅಕ್ಷರ ಹೋಯಿತು, ಪದಗಳು ಒಂದಾದವು. ಅತ್ತ ಲ್ಯಾಟಿನ್‌ನಲ್ಲಿ ಬೇರೆ ಬೇರೆ ಇದ್ದ ಟೆನೆರ್, ಟೆಂಡೆರೆ ಫ್ರೆಂಚರ ಬಾಯಲ್ಲಿ ಸವೆದು ಎರಡೂ ಒಂದೇ ಪದವಾದವು. ಇವತ್ತಿಗೂ ಫ್ರೆಂಚಿನಲ್ಲಿ ಹಾಗೇ ಇವೆ.

ನಂಬಿಕೆ ಬರದಿದ್ದರೆ ಕ್ಲಾಸಿನ ತಮಿಳು ಗೆಳೆಯರನ್ನು ಕೇಳಿ. ತಮಿಳಿನಲ್ಲಿ ೞ ಇನ್ನೂ ಬದುಕಿದೆ. ಎಳನೀರು ಅವರಿಗೆ ಇಳನೀರ್, ಅಲ್ಲಿ ಳ. ಎಳೆಯುವುದು ಇೞು, ದಾರದ ಎಳೆ ಇೞೈ, ಎರಡರಲ್ಲೂ ೞ. ನಮ್ಮ ಭಾಷೆ ಎಂಟು ನೂರು ವರ್ಷದ ಹಿಂದೆ ಕಳಕೊಂಡದ್ದನ್ನು ಪಕ್ಕದ ಬೆಂಚಿನವನು ದಿನಾ ಮಾತಾಡುತ್ತಿದ್ದಾನೆ. ಕಂಪ್ಯೂಟರ್ ಸೈನ್ಸ್‌ನವರಿಗೆ ಇನ್ನೊಂದು ವಿಷಯ. ಯೂನಿಕೋಡ್ ಪಟ್ಟಿಯಲ್ಲಿ ಈ ೞ ಅಕ್ಷರದ ಹೆಸರು 'ಕನ್ನಡ ಲೆಟರ್ ಎಫ್‌ಎ' ಎಂದಿದೆ. ತಪ್ಪು ಎಂದು ಅವರೇ ಒಪ್ಪಿ ಟಿಪ್ಪಣಿ ಹಾಕಿದ್ದಾರೆ, ಆದರೆ ಒಮ್ಮೆ ಇಟ್ಟ ಹೆಸರು ಬದಲಿಸಬಾರದು ಎಂಬುದು ಯೂನಿಕೋಡ್ ನಿಯಮ. ಸತ್ತ ಅಕ್ಷರಕ್ಕೆ ತಪ್ಪು ಹೆಸರಿನ ಮರಣಪತ್ರ ಕೊಟ್ಟ ಹಾಗಾಗಿದೆ.

ಇನ್ನು ಎಪಿಎಂಸಿ ಟೆಂಡರ್‌ಗೆ ಬರೋಣ, ನಮ್ಮ ಮನೆಗೆ ಬೇಕಾದದ್ದು ಅದೇ. ಹರಾಜಿನಲ್ಲಿ ಎಲ್ಲರ ಮುಂದೆ ಕೂಗುತ್ತಾರೆ, ಒಬ್ಬನ ಕೂಗು ಕೇಳಿ ಇನ್ನೊಬ್ಬ ಏರಿಸುತ್ತಾನೆ. ಟೆಂಡರ್‌ನಲ್ಲಿ ಕೂಗಿಲ್ಲ. ಪ್ರತಿ ಲಾಟಿಗೂ ವರ್ತಕರು ತಮ್ಮ ತಮ್ಮ ಬೆಲೆಯನ್ನು ಗುಟ್ಟಾಗಿ ಹಾಕುತ್ತಾರೆ. ಮೊದಲು ಚೀಟಿಯಲ್ಲಿ, ಈಗ ಆನ್‌ಲೈನಿನಲ್ಲಿ. ತೆರೆದಾಗ ಯಾರದ್ದು ಹೆಚ್ಚೋ ಅವರಿಗೆ ಲಾಟು. ಸಿವಿಲ್‌ನವರು ಇಲ್ಲಿ ಎಡವುತ್ತಾರೆ. ಅವರು ಓದುವ ಲೋಕೋಪಯೋಗಿ ಟೆಂಡರ್‌ನಲ್ಲಿ ಎಲ್‌ಒನ್, ಅಂದರೆ ಅತಿ ಕಡಿಮೆ ಬರೆದವನಿಗೆ ಕೆಲಸ. ಪದ ಒಂದೇ, ಗೆಲ್ಲುವವನು ತದ್ವಿರುದ್ಧ. ಒಂದರಲ್ಲಿ ಕರೆದವನು ಕೊಳ್ಳುವವನು, ಇನ್ನೊಂದರಲ್ಲಿ ಮಾರುವವನು. ಅಂದಹಾಗೆ 'ಟೆಂಡರ್ ಕರೆದಿದ್ದಾರೆ' ಎಂಬ ನಮ್ಮ ಮಾತು ಕಾನೂನಿನ ಪ್ರಕಾರವೂ ಸರಿ. ಕರೆಯುವುದು ಬರೀ ಆಹ್ವಾನ, ಬೆಲೆ ಬರೆದು ಕೊಡುವವನದ್ದೇ ನಿಜವಾದ ಟೆಂಡರ್, ಅವನೇ ಕೈ ಚಾಚುವವನು. ಚಾಚಿದ ಕೈ ಹಿಡಿಯುವುದು ಬಿಡುವುದು ಎದುರಿನವನಿಗೆ ಬಿಟ್ಟದ್ದು. ಕೊಬ್ಬರಿ ರೈತ ಬೆಲೆ ಒಪ್ಪಿಗೆಯಾಗದಿದ್ದರೆ ಮಾಲು ಕೊಡದೆ ಉಳಿಸಿಕೊಳ್ಳಬಹುದು. ಸಾಲದವರು ಬಾಗಿಲಲ್ಲಿ ಇಲ್ಲದಿದ್ದರೆ.

ಆ ಲಾಟು ಅಲ್ಲಿ ತನಕ ಬರುವುದಕ್ಕೆ ಹಿಡಿಯುವ ಕಾಲ ನೋಡಿ. ಹೊಂಬಾಳೆ ಒಡೆದು ಕುರುಂಬೆ ಕಟ್ಟಿ, ಆರೇಳು ತಿಂಗಳಿಗೆ ಎಳನೀರು. ಹಾಗೇ ಬಿಟ್ಟರೆ ಹನ್ನೆರಡು ತಿಂಗಳಿಗೆ ಬಲಿತ ಕಾಯಿ. ಮಿಲ್ಲಿಗೆ ಹೋಗುವ ಕೊಬ್ಬರಿಯಾದರೆ ಒಡೆದು ಬಿಸಿಲಿಗೆ ಹಾಕಿದರೆ ಮುಗಿಯಿತು. ನಮ್ಮ ಕಡೆಯದು ಉಂಡೆ ಕೊಬ್ಬರಿ. ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದಲ್ಲಿ ಹಾಕಿ ಎಂಟರಿಂದ ಹನ್ನೆರಡು ತಿಂಗಳು ಕಾಯಬೇಕು. ಒಳಗಿನ ನೀರು ತಾನಾಗಿ ಆರಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಆಮೇಲೆ ಸುಲಿದು, ಉಂಡೆ ಒಡೆಯದ ಹಾಗೆ ಚಿಪ್ಪು ಬಿಡಿಸಬೇಕು. ಅಂದರೆ ಮೊದಲನೇ ಟೆಂಡರ್‌ಗೂ ಎರಡನೇ ಟೆಂಡರ್‌ಗೂ ನಡುವೆ ಹೆಚ್ಚು ಕಡಿಮೆ ಒಂದೂವರೆ ವರ್ಷ, ಎಂಜಿನಿಯರಿಂಗ್ ಲೆಕ್ಕದಲ್ಲಿ ಮೂರು ಸೆಮಿಸ್ಟರ್. ಎಳನೀರು ಕೊಯ್ದರೆ ಅಂದೇ ಕೈಗೆ ಕಾಸು. ಕೊಯ್ದ ಕಾಯಿ ಮತ್ತೆ ಕೊಬ್ಬರಿ ಆಗಲ್ಲ.

2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇತ್ತು, ಮಾರುಕಟ್ಟೆಯ ಟೆಂಡರ್ ಅದಕ್ಕಿಂತ ಬಹಳ ಕೆಳಗೆ. ನಾಫೆಡ್ ಖರೀದಿ ಕೇಂದ್ರದ ಮುಂದೆ ಸಾಲು ನಿಂತವರಲ್ಲಿ ನಮ್ಮಪ್ಪನೂ ಒಬ್ಬರು. 2024ರಲ್ಲಿ ಬೆಂಬಲ ಬೆಲೆ 12,000 ಆಯಿತು. ಹಿಂದಿನ ವರ್ಷದ ನೋವಿನಲ್ಲಿ, ನನ್ನ ಫೀಸೂ ಕಟ್ಟಬೇಕಿತ್ತು ಅಂತ, ಅಪ್ಪ ಅರ್ಧ ತೋಟದ ಕಾಯಿಯನ್ನು ಎಳನೀರಿಗೇ ಕೊಟ್ಟರು. 2025ರಲ್ಲಿ ಬೆಂಬಲ ಬೆಲೆ ಇದ್ದದ್ದು 12,100, ತಿಪಟೂರಿನ ಟೆಂಡರ್ ಅದರ ಎರಡು ಪಟ್ಟನ್ನೂ ದಾಟಿತು. ನಮ್ಮ ಅಟ್ಟ ಅರ್ಧ ಖಾಲಿ ಇತ್ತು. ಅಪ್ಪ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಮ್ಮ ಒಂದೇ ಸಲ ಹೇಳಿದ್ದು, "ಫೀಸ್ ಕಟ್ಟಿದ್ವಲ್ಲ, ಅದೂ ಒಣಗ್ತಾ ಐತೆ ಬಿಡು ಅಟ್ಟದಾಗೆ."

ಈ ನಡುವೆ ಮೆಟೀರಿಯಲ್ಸ್ ಪ್ರಾಜೆಕ್ಟ್‌ಗೆ ನಾನು ಆರಿಸಿಕೊಂಡದ್ದು ತೆಂಗಿನ ನಾರು. ಕಾರಣ ಪದದ ಹುಚ್ಚಷ್ಟೇ ಅಲ್ಲ, ನಾರು ಮನೆಯಿಂದ ಪುಕ್ಕಟೆ ಬರುತ್ತದೆ. ಸೆಣಬಿನ ಎಳೆಯನ್ನು ಎಳೆದರೆ ಶೇಕಡಾ ಎರಡರ ಆಸುಪಾಸು ಹಿಗ್ಗಿ ತುಂಡಾಗುತ್ತದೆ. ತೆಂಗಿನ ನಾರು ಸೆಣಬಿನಷ್ಟು ಬಲಶಾಲಿ ಅಲ್ಲ, ಆದರೆ ಶೇಕಡಾ 15ರಿಂದ 40ರವರೆಗೆ ಹಿಗ್ಗುತ್ತದೆ. ಬಲಿತ ಕಾಯಿಯ ಕಂದು ನಾರಿನಲ್ಲಿ ಲಿಗ್ನಿನ್ ಹೆಚ್ಚು, ಅದು ಗಡುಸು. ಎಳೆ ಕಾಯಿಯದು ತೆಳು, ಮೆತ್ತಗೆ, ಸುಲಭವಾಗಿ ಬಾಗುತ್ತದೆ. ಎಳೆಯ ಕಾಯಿಯ ಎಳೆಯನ್ನು ಎಳೆದು ನೋಡುವ ಪ್ರಯೋಗ. ರಿಪೋರ್ಟ್‌ನಲ್ಲಿ ಇಂಗ್ಲಿಷಿನಲ್ಲಿ ಬರೆದದ್ದರಿಂದ ಯಾರಿಗೂ ಆ ಮಜಾ ಗೊತ್ತಾಗಲಿಲ್ಲ.

ಮೊನ್ನೆ ಅಪ್ಪ ಮತ್ತೆ ಫೋನ್ ಮಾಡಿದಾಗಲೂ ಎತ್ತಿದ್ದು ರೂಮ್‌ಮೇಟೇ. "ಯಾವ ಟೆಂಡರ್ ಅಂಕಲ್, ಬೊಂಡದ್ದೋ ಕೊಬ್ಬರಿದೋ?" ಅಂತ ಕೇಳಿಕೊಂಡ. ಅಪ್ಪನಿಗೆ ಈ ಸಲ ಎರಡೂ ಬೇಕಿತ್ತು. ಬಾವಿ ಪಕ್ಕದ ನಲವತ್ತು ಮರದ ಕಾಯಿ ಆರು ತಿಂಗಳಿಗೆ ಬಂದಿದೆಯಂತೆ, ಎಳನೀರಿನವರು ಭಾನುವಾರ ಬರುತ್ತೇವೆ ಅಂದಿದ್ದಾರೆ. ಕೊಡೋದೋ ಬಿಡೋದೋ ಇನ್ನೂ ಗೊತ್ತಾಗಿಲ್ಲ.