‘ಆಗಲ್ಲ’ ಎಂದರೆ ಹಿಂಬರಹ ಕೇಳಿ

ಸರಗೂರಿನ ಹಳ್ಳಿಗಳಿಂದ ಬರುವ ವಿಕಲಚೇತನ ಕಕ್ಷಿದಾರರಲ್ಲಿ ಹೆಚ್ಚಿನವರು ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ ಸೋತಿರುತ್ತಾರೆ. ‘ಪರ್ಸೆಂಟೇಜ್ ಸಾಲಲ್ಲ, ಹೋಗಿ’ ಎಂದು ಸರ್ಕಾರಿ ಕಚೇರಿಯ ಗುಮಾಸ್ತರು ಬಾಯಲ್ಲಿ ಹೇಳಿಬಿಡುತ್ತಾರೆ. ಇವರು ಕೈಮುಗಿದು ಬಸ್ಸು ಹತ್ತುತ್ತಾರೆ. ಕೇಳಿದ್ದಕ್ಕೂ ಕಾಗದವಿಲ್ಲ, ಕೊಡದಿದ್ದಕ್ಕೂ ಇಲ್ಲ. ವಕೀಲರು ಏನನ್ನು ಹಿಡಿದು ಮೇಲ್ಮನವಿ ಹಾಕಬೇಕು? ಬಾಯಿಮಾತಿಗೆ ಲೆಕ್ಕ ಕೊಡಬೇಕಾಗಿಲ್ಲವೆಂದು ಗೊತ್ತಿದ್ದೇ ಕೆಲವರು ಹೀಗೆ ಮಾಡುತ್ತಾರೆ.

ಆದ್ದರಿಂದ ಅರ್ಜಿ ಎರಡು ಪ್ರತಿ ಇರಲಿ. ಒಂದನ್ನು ಟಪಾಲಿಗೆ ಕೊಟ್ಟು, ಇನ್ನೊಂದರ ಮೇಲೆ ಮೊಹರು, ಸಹಿ, ತಾರೀಖು ಹಾಕಿಸಿಕೊಳ್ಳಿ. ‘ಅರ್ಜಿ ತಿರಸ್ಕರಿಸುವುದಾದರೆ ಕಾರಣ ಸಹಿತ ಹಿಂಬರಹ ನೀಡಬೇಕು’ ಎಂದು ಕೊನೆಯ ಸಾಲಿನಲ್ಲಿ ಬರೆಯಿರಿ. ಹಿಂಬರಹವೆಂದರೆ ಕಚೇರಿಯ ಲಿಖಿತ ಉತ್ತರ. ತೆಗೆದುಕೊಳ್ಳುವುದೇ ಇಲ್ಲ ಎಂದರೆ ಜಗಳ ಬೇಡ, ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಜೋಪಾನವಾಗಿಡಿ. ಮಾಸಾಶನದ ಅರ್ಜಿಯಾದರೆ ನಾಡಕಚೇರಿಯಲ್ಲಿ ಸಕಾಲ ಸಂಖ್ಯೆಯಿರುವ ಸ್ವೀಕೃತಿ ಪಡೆಯದೆ ಹೊರಡಬೇಡಿ.

ಇನ್ನು ಆ ಪರ್ಸೆಂಟೇಜ್ ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸುತ್ತದೆ. ಸರ್ಕಾರಿ ನೌಕರಿಯ ಶೇ. 4, ಉನ್ನತ ಶಿಕ್ಷಣದ ಶೇ. 5 ಮೀಸಲಾತಿಗೆ ಕನಿಷ್ಠ ಶೇ. 40 ನ್ಯೂನತೆ ಬೇಕು, ನಿಜ. ಆದರೆ ತಾರತಮ್ಯದ ವಿರುದ್ಧ ಮೂರನೇ ಕಲಮು ಕೊಡುವ ರಕ್ಷಣೆಗೆ ಆ ಗಡಿಯಿಲ್ಲ. ಬರೆಯುವಾಗ ಕೈ ಸೆಳೆತ ಬರುವ ಅಭ್ಯರ್ಥಿಯೊಬ್ಬರಿಗೆ ಶೇ. 40 ಇಲ್ಲವೆಂದು ಲಿಪಿಕಾರರನ್ನು ನಿರಾಕರಿಸಿದ್ದನ್ನು ಸುಪ್ರೀಂ ಕೋರ್ಟ್ 2021ರಲ್ಲಿ, ವಿಕಾಶ್ ಕುಮಾರ್ ಪ್ರಕರಣದಲ್ಲಿ, ಒಪ್ಪಲಿಲ್ಲ.

ವೈದ್ಯರು ಪ್ರಮಾಣಪತ್ರದಲ್ಲಿ ಪರ್ಸೆಂಟೇಜ್ ಕಡಿಮೆ ಬರೆದರೆಂದು ಅನಿಸಿದರೆ ಅದೇ ಕಾಯ್ದೆಯ 59ನೇ ಕಲಮಿನಡಿ ಮೇಲ್ಮನವಿಗೆ ಅವಕಾಶವಿದೆ. ‘ಪರ್ಸೆಂಟೇಜ್ ಏರಿಸಿ ಕೊಡ್ತೀನಿ’ ಎನ್ನುವ ದಲ್ಲಾಳಿಗೆ ಮಾತ್ರ ಒಂದು ರೂಪಾಯಿಯನ್ನೂ ಕೊಡಬೇಡಿ. ಸುಳ್ಳು ಹೇಳಿ ಸೌಲಭ್ಯ ಪಡೆದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ. ವಿಕಲಚೇತನ ಕಾರ್ಡಿನಲ್ಲಿರುವುದು ನಿಮ್ಮ ಹೆಸರು. ಅವನು ಅಷ್ಟರಲ್ಲಿ ಬೇರೆ ಊರು ಸೇರಿರುತ್ತಾನೆ.

ಸೇವೆಯಲ್ಲಿರುವಾಗ ಅಂಗ ಊನವಾದ ಸರ್ಕಾರಿ ನೌಕರರು ಯಾರೋ ಮುಂದಿಟ್ಟ ರಾಜೀನಾಮೆಗೆ ಸಹಿ ಹಾಕಬೇಡಿ. ಅದೇ ವೇತನ ಶ್ರೇಣಿಯಲ್ಲಿ ಬೇರೆ ಹುದ್ದೆ ಕೇಳುವ ಹಕ್ಕು ನಿಮಗಿದೆ.

ಜನರೆದುರು ಉದ್ದೇಶಪೂರ್ವಕವಾಗಿ ಅವಮಾನಿಸುವುದು ಆರು ತಿಂಗಳಿಂದ ಐದು ವರ್ಷ ಶಿಕ್ಷೆಯ ಅಪರಾಧ. ಸಾಕ್ಷಿಗಳ ಹೆಸರನ್ನು ಅಂದೇ ಬರೆದಿಡಿ, ತಿಂಗಳು ಕಳೆದರೆ ಊರಿನವರಿಗೆ ನೆನಪಿರುವುದಿಲ್ಲ. ವಕೀಲರ ಫೀಸಿನ ಚಿಂತೆ ಬೇಡ. ವಿಕಲಚೇತನರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿದೆ, ಎಚ್.ಡಿ. ಕೋಟೆಯ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ.

ಕಚೇರಿ ಹಿಂಬರಹವನ್ನೂ ಕೊಡದಿದ್ದರೆ ಅರ್ಜಿಯ ಪ್ರತಿ, ರಸೀದಿ ಲಗತ್ತಿಸಿ ಬೆಂಗಳೂರಿನ ರಾಜ್ಯ ಆಯುಕ್ತರಿಗೆ ದೂರು ಬರೆಯಿರಿ. ಅವರ ಮಾತು ಶಿಫಾರಸು ಅಷ್ಟೇ. ಆದರೂ ಇಲಾಖೆ ಮೂರು ತಿಂಗಳೊಳಗೆ ಕ್ರಮ ಕೈಗೊಳ್ಳಬೇಕು, ಒಪ್ಪದಿದ್ದರೆ ಕಾರಣವನ್ನು ಆಯುಕ್ತರಿಗೂ ನಿಮಗೂ ತಿಳಿಸಬೇಕು. ಹೈಕೋರ್ಟಿಗೆ ಹೋಗುವುದಾದರೆ ಆ ಪತ್ರವೇ ಮೊದಲು ಬೇಕಾಗುತ್ತದೆ.