ಲ್ಯಾಪ್‌ಟಾಪ್‌ನಲ್ಲಿ ಸರಿ, ಸರ್ವರ್‌ನಲ್ಲಿ ಮುಗ್ಗರಿಕೆ

ಪ್ರಶ್ನೆ: ಕೆಲಸಕ್ಕೆ ಸೇರಿ ಕೆಲವೇ ತಿಂಗಳಾಗಿದೆ. ನಮ್ಮ ಲಾರವೆಲ್ ಪ್ರಾಜೆಕ್ಟ್‌ನಲ್ಲಿ ಕ್ಲಾಸ್‌ಗಳೆಲ್ಲ ಒಂದೇ ಕಡೆ ಗುಡ್ಡೆ ಬಿದ್ದಿದ್ದವು. ಅಚ್ಚುಕಟ್ಟಾಗಿರಲೆಂದು ಬಿಲ್ಲಿಂಗ್, ರಿಪೋರ್ಟ್ಸ್ ಎಂದು ಫೋಲ್ಡರ್ ಮಾಡಿ ಹಂಚಿದೆ. ನನ್ನ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಎಲ್ಲವೂ ಸರಿಯಿತ್ತು. ಎಂದಿನಂತೆ ನೇರ ಲೈವ್ ಸರ್ವರ್‌ಗೆ ಏರಿಸಿದರೆ ‘ಕ್ಲಾಸ್ ನಾಟ್ ಫೌಂಡ್’! ಲೀಡ್ ಎಲ್ಲರೆದುರು ಸಿಡುಕಿದರು. ಈ ಕೆಲಸ ನನಗೆ ಒಗ್ಗುವುದಿಲ್ಲವೇ?
– ಓದುಗ, ಹುಬ್ಬಳ್ಳಿ

ಉತ್ತರ: ಒಗ್ಗುತ್ತದೆ, ಆ ಚಿಂತೆ ಬಿಡಿ. ಲ್ಯಾಪ್‌ಟಾಪ್ ಮುಚ್ಚಿಟ್ಟ ತಪ್ಪನ್ನು ಸರ್ವರ್ ಬಯಲಿಗೆಳೆದಿದೆ, ಅಷ್ಟೆ. ಫೋಲ್ಡರ್ ಹೆಸರು ಕ್ಯಾಪಿಟಲ್ ‘ಬಿ’ಯಿಂದ ಶುರುವಾದರೂ ಸ್ಮಾಲ್ ‘ಬಿ’ಯಿಂದ ಶುರುವಾದರೂ ವಿಂಡೋಸ್‌ಗೆ ಒಂದೇ. ಲಿನಕ್ಸ್‌ಗೆ ಅವೆರಡು ಬೇರೆ ಬೇರೆ ಫೋಲ್ಡರ್.

ಕಂಪೋಸರ್ ನಿಮ್ಮ ಕ್ಲಾಸ್‌ಗಳನ್ನು ಹುಡುಕುವುದು 2013ರಲ್ಲಿ ಬಂದ ಪಿಎಸ್‌ಆರ್-4 ನಿಯಮದ ಪ್ರಕಾರ. ‘ಕಂಪೋಸರ್ ಡಾಟ್ ಜೇಸನ್’ ತೆರೆದು ನೋಡಿ: ‘ಆ್ಯಪ್’ ನೇಮ್‌ಸ್ಪೇಸ್ ಇದ್ದರೆ ‘ಆ್ಯಪ್’ ಫೋಲ್ಡರ್‌ಗೆ ಹೋಗು ಎಂದಿರುತ್ತದೆ. ನೇಮ್‌ಸ್ಪೇಸ್‌ನ ‘ಎ’ ಕ್ಯಾಪಿಟಲ್, ಫೋಲ್ಡರ್‌ನದು ಸ್ಮಾಲ್. ಹೊಸಬರು ಎಡವುವುದೇ ಇಲ್ಲಿ. ಮುಂದೆಯೂ ಹೇಗೆ ಬರೆದರೂ ನಡೆದೀತು ಅಂದುಕೊಳ್ಳುತ್ತಾರೆ. ಆ ವಿನಾಯಿತಿ ಅಲ್ಲಿ ಬರೆದಿಟ್ಟ ಜೋಡಿಗೆ ಮಾತ್ರ. ಅದರ ಒಳಗಿನ ಪ್ರತಿ ಫೋಲ್ಡರ್, ಫೈಲ್, ಕ್ಲಾಸ್ ಹೆಸರೂ ಅಕ್ಷರಶಃ ಹೊಂದಬೇಕು.

ಕಣ್ಣಲ್ಲೇ ಹುಡುಕುತ್ತ ಕೂರಬೇಡಿ. ‘ಕಂಪೋಸರ್ ಡಂಪ್-ಆಟೋಲೋಡ್’ ಕಮಾಂಡನ್ನು ‘ಆಪ್ಟಿಮೈಸ್’ ಸೇರಿಸಿ ಓಡಿಸಿ. ಪಿಎಸ್‌ಆರ್-4ಕ್ಕೆ ಹೊಂದದ ಕ್ಲಾಸ್‌ಗಳ ಹೆಸರು ಹಿಡಿದು ಅದೇ ದೂರು ಹೇಳುತ್ತದೆ. ಫೈಲಿನ ತಲೆಗೆ ‘ರಿಕ್ವೈರ್’ ಸಾಲು ಅಂಟಿಸಿ ಮುಗಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಆರು ತಿಂಗಳಲ್ಲಿ ಅದೇ ದೊಡ್ಡ ತಲೆನೋವಾಗುತ್ತದೆ.

ಇನ್ನೊಂದು ಕಿತಾಪತಿ ಗಿಟ್‌ನದು. ವಿಂಡೋಸ್‌ನಲ್ಲಿ ಫೋಲ್ಡರಿನ ಒಂದಕ್ಷರವನ್ನು ಸ್ಮಾಲ್‌ನಿಂದ ಕ್ಯಾಪಿಟಲ್ ಮಾಡಿದರೆ ಅದು ಸಾಮಾನ್ಯವಾಗಿ ಗಮನಿಸುವುದೇ ಇಲ್ಲ, ಸರ್ವರ್‌ಗೆ ಹಳೆಯ ಹೆಸರೇ ಹೋಗುತ್ತದೆ. ‘ಗಿಟ್ ಎಂವಿ’ಯಿಂದ ಮೊದಲು ಬೇರೊಂದು ಹೆಸರಿಡಿ, ಕಮಿಟ್ ಮಾಡುವ ಮುನ್ನ ಸರಿಯಾದ ಹೆಸರಿಗೆ ಬದಲಿಸಿ.

‘ಯೂಸ್’ ಸಾಲುಗಳನ್ನು ಎಡಿಟರ್ ತಿದ್ದಿಕೊಡುತ್ತದೆ. ಡೇಟಾಬೇಸನ್ನು ತಿದ್ದುವುದಿಲ್ಲ! ಪಾಲಿಮಾರ್ಫಿಕ್ ರಿಲೇಶನ್ ಬಳಸಿದ್ದರೆ ಟೇಬಲ್‌ನ ‘ಟೈಪ್’ ಕಾಲಂನಲ್ಲಿ ಮಾಡೆಲ್‌ನ ಹಳೆಯ ಪೂರ್ತಿ ಹೆಸರು ಕೂತಿರುತ್ತದೆ. ಮಾಡೆಲ್‌ಗಳನ್ನೂ ಸರಿಸಿದ್ದೀರಾದರೆ ಅದನ್ನು ಇವತ್ತೇ ನೋಡಿ. ಹಳೆಯ ಸಾಲುಗಳನ್ನು ಬದಲಿಸಿ, ಇನ್ನು ಮುಂದೆ ‘ಮಾರ್ಫ್ ಮ್ಯಾಪ್’ನಲ್ಲಿ ಚಿಕ್ಕ ಹೆಸರು ಕೊಟ್ಟುಬಿಡಿ.

ಲೀಡ್ ಸಿಟ್ಟು ಇಳಿದ ಮೇಲೆ ಲಿನಕ್ಸ್‌ನದೇ ಒಂದು ಸ್ಟೇಜಿಂಗ್ ಸರ್ವರ್ ಕೇಳಿ. ನೇರ ಲೈವ್‌ಗೆ ಏರಿಸುವ ಪದ್ಧತಿಯನ್ನು ಆ ಆಫೀಸಿಗೆ ತಂದವರು ನೀವಲ್ಲವಲ್ಲ.